ತುರ್ಕಿ ಭಾಷೇಲಿ ವಾಕ್ಯದೊಳಗೊಂದು ವಾಕ್ಯ: ‘ಬಂದಿದ್ದು’, ‘ಬರೋದು’ ಹಿಡ್ಕೊಂಡು ಕಲಿಯೋ ದಾರಿ

ತುರ್ಕಿ ಕಲಿಯೋಕೆ ಶುರು ಮಾಡಿದ ಕನ್ನಡದವ್ರಿಗೆ ಮೊದಲ ಒಂದೆರಡು ತಿಂಗಳು ಭಾಳ ಖುಷಿ ಇರುತ್ತೆ. ಕ್ರಿಯಾಪದ ಕೊನೇಲಿ ಬರುತ್ತೆ, ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟ್ಕೊಳುತ್ತೆ, ಎಲ್ಲಾ ನಮ್ಮದೇ ಥರ ಇದ್ಯಲ್ಲ ಅನ್ಸುತ್ತೆ. ಆಮೇಲೆ ‘ಅಲಿ ಬಂದ ಅಂತ ನಂಗೊತ್ತು’ ಅನ್ನೋ ಅಷ್ಟು ಸಣ್ಣ ವಾಕ್ಯ ಹೇಳೋಕೆ ಹೋದಾಗ ಗಾಡಿ ನಿಂತೋಗುತ್ತೆ. ಯಾಕಂದ್ರೆ ಸಿಗೋ ಪುಸ್ತಕ, ವಿಡಿಯೋ ಎಲ್ಲಾ ಇಂಗ್ಲಿಷ್ ಮೂಲಕ ಹೇಳಿಕೊಡ್ತವೆ, ಇಂಗ್ಲಿಷ್‌ನ ‘ದಟ್’ ಎಲ್ಲಿ ಹೋಯ್ತು, ಕರ್ತೃವಿಗೆ ಯಾಕೆ ಷಷ್ಠಿ (‘ಅಲಿಯ’ ಅನ್ನೋ ಥರ) ಬಂತು ಅಂತ ಅವರಿಗೆ ಅದೇ ದೊಡ್ಡ ವಿಚಿತ್ರ, ಹಾಗಾಗಿ ಪುಟಗಟ್ಟಲೆ ವಿವರಿಸ್ತಾರೆ, ಓದ್ತಾ ಓದ್ತಾ ನಮಗೂ ಅದು ವಿಚಿತ್ರ ಅನ್ಸೋಕೆ ಶುರುವಾಗುತ್ತೆ. ನಿಜವಾಗ್ಲೂ ನಮಗೆ ಅಷ್ಟು ಕಷ್ಟ ಇಲ್ಲ. ‘ಬಂದಿದ್ದು’, ‘ಬರೋದು’ ಅಂತ ದಿನಾ ಮಾತಾಡ್ತೀವಲ್ಲ, ಅಲ್ಲಿಂದ ಹೊರಟ್ರೆ ಅರ್ಧ ದಾರಿ ಸವೆದೋಗಿರುತ್ತೆ. ಉಳಿದರ್ಧದಲ್ಲಿ ನಮ್ಮ ಕನ್ನಡವೇ ನಮ್ಮನ್ನ ಹಳ್ಳಕ್ಕೆ ಬೀಳಿಸೋ ಒಂದು ಜಾಗ ಇದೆ, ಈ ಲೇಖನ ಮುಖ್ಯವಾಗಿ ಅದ್ರ ಬಗ್ಗೆ.

ಓದೋಕೆ ಮುಂಚೆ ಒಂದು ಮಾತು. ತುರ್ಕಿಯವರು 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಅಕ್ಷರಕ್ಕೆ ಬಂದ್ರು, ನಾನಿಲ್ಲಿ ಎಲ್ಲಾನೂ ಕನ್ನಡದಲ್ಲೇ ಬರೀತೀನಿ. ಚುಕ್ಕೆ ಇರೋ ಐ, ಚುಕ್ಕೆ ಇಲ್ಲದ ಐ ಎರಡಕ್ಕೂ ‘ಇ’. ತಲೆ ಮೇಲೆ ಎರಡು ಚುಕ್ಕೆ ಇರೋ ಓ, ಯು ಅಕ್ಷರಗಳಿಗೆ ಸುಮ್ನೆ ‘ಒ’, ‘ಉ’. ಅವರ ‘ಮೆತ್ತಗಿನ ಗ’ ಇದ್ಯಲ್ಲ, ಉಚ್ಚಾರದಲ್ಲಿ ಕೇಳ್ಸೋದೇ ಇಲ್ಲ, ಹಿಂದಿನ ಸ್ವರ ಸ್ವಲ್ಪ ಎಳೆದಂಗೆ ಆಗುತ್ತೆ ಅಷ್ಟೆ. ಅದು ಕಣ್ಣಿಗೆ ಕಾಣ್ಲಿ ಅಂತ ‘ಗ಼’ ಅಂತ ಕೆಳಗೆ ಚುಕ್ಕೆ ಇಟ್ಟು ಬರೀತೀನಿ. ಉಚ್ಚಾರ ಕಲಿಯೋಕೆ ಇದು ಸಾಲದು, ಆಡಿಯೋ ಕೇಳಿ.

ಹೆಜ್ಜೆ 1: ವಾಕ್ಯಾನ ಹೆಸರು ಮಾಡಿ

‘ಅಲಿ ಗೆಲ್ದಿ’ ಅಂದ್ರೆ ಅಲಿ ಬಂದ. ‘ಬಿಲಿಯೊರುಮ್’ ಅಂದ್ರೆ ನಂಗೊತ್ತು, ಪದಶಃ ತಿಳಿದಿದ್ದೀನಿ. ಎರಡನ್ನೂ ಸೇರಿಸಿದ್ರೆ:

ಅಲಿನಿನ್ ಗೆಲ್ದಿಗ಼ಿನಿ ಬಿಲಿಯೊರುಮ್.

ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರ ಇರೋದು ‘ಅಲಿ ಬಂದಿದ್ದನ್ನ ಬಲ್ಲೆ’. ‘ಬಂದ’ ಅನ್ನೋ ಪೂರ್ಣ ಕ್ರಿಯಾಪದ ‘ಬಂದಿದ್ದು’ ಅಂತ ನಾಮಪದ ಆಯ್ತು, ಅದಕ್ಕೆ ‘ಅನ್ನು’ ಅನ್ನೋ ದ್ವಿತೀಯಾ ವಿಭಕ್ತಿ ಸೇರ್ತು. ತುರ್ಕಿಯವರು ಮಾಡಿದ್ದೂ ಅದನ್ನೇ. ಹೈಸ್ಕೂಲ್ ವ್ಯಾಕರಣದಲ್ಲಿ ಕೃದಂತ ಅಂತ ಓದಿದ್ವಲ್ಲ, ಪರೀಕ್ಷೆ ಮುಗಿದ ತಕ್ಷಣ ಮರೆತಿದ್ದು, ಅದು ಇಲ್ಲಿ ಕೆಲಸಕ್ಕೆ ಬರುತ್ತೆ.

ಒಳಗೆ ಏನೇನಿದೆ ಅಂತ ಬಿಚ್ಚಿ ನೋಡೋಣ. ‘ಗೆಲ್’ ಧಾತು, ಬರು. ‘ದಿಕ್’ ಹೆಸರು ಮಾಡೋ ಪ್ರತ್ಯಯ. ‘ಇ’ ಅಂದ್ರೆ ಅವನ. ‘ನ್’ ಸುಮ್ನೆ ಎರಡು ಸ್ವರದ ಮಧ್ಯೆ ಬರೋ ಆಗಮ ಸಂಧಿ ಥರದ್ದು. ಕೊನೇ ‘ಇ’ ದ್ವಿತೀಯಾ. ಗೆಲ್-ದಿಕ್-ಇ-ನ್-ಇ. ‘ದಿಕ್’ನ ಕೊನೇ ‘ಕ್’ ಎರಡು ಸ್ವರದ ನಡುವೆ ಸಿಕ್ಕಾಕೊಂಡ ಕೂಡ್ಲೇ ಮೆತ್ತಗಾಗಿ ಗ಼ ಆಗುತ್ತೆ, ಅದಕ್ಕೇ ಗೆಲ್ದಿಗ಼ಿನಿ.

ಸ್ವರ ಹೊಂದಾಣಿಕೆ (ಹಿಂದಿನ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರ ಬದಲಾಗೋದು), ಶುರುವಿನ ದ–ತ ಬದಲಾವಣೆ ಸೇರಿ ಈ ‘ದಿಕ್’ಗೆ ಒಟ್ಟು 8 ರೂಪ ಇವೆ. ಒಲ್ (ಇರು, ಆಗು) ಧಾತುಗೆ ಒಲ್ದುಗ಼ುನು, ಗಿತ್ (ಹೋಗು) ಧಾತುಗೆ ಗಿತ್ತಿಗ಼ಿನಿ, ಹೀಗೆ. ಇದನ್ನ ಕೂತ್ಕೊಂಡು ಬಾಯಿಪಾಠ ಮಾಡೋ ಅಗತ್ಯ ಇಲ್ಲ, ಭೂತಕಾಲದ ‘ಗೆಲ್ದಿ, ಗಿತ್ತಿ, ಒಲ್ದು’ ಬಾಯಿಗೆ ಬಂದಿದ್ರೆ ಇದೂ ತಾನಾಗೇ ಬರುತ್ತೆ.

ಹೆಜ್ಜೆ 2: ಕರ್ತೃಗೆ ಷಷ್ಠಿ ಹಾಕಿ, ಕ್ರಿಯೆಗೆ ಯಜಮಾನನ ಗುರುತು ಹಾಕಿ

ಕನ್ನಡದಿಂದ ದಾರಿ ಬೇರೆ ಆಗೋದು ಇಲ್ಲಿ. ನಾವು ‘ಅಲಿ ಬಂದಿದ್ದು’ ಅಂತೀವಿ, ಅಲಿ ಪ್ರಥಮಾ ವಿಭಕ್ತಿಯಲ್ಲೇ ಆರಾಮಾಗಿ ಇರ್ತಾನೆ. ತುರ್ಕಿಯಲ್ಲಿ ‘ಅಲಿಯ ಬಂದಿದ್ದು-ಅವನದು’ ಅನ್ನೋ ಥರ ಎರಡೂ ಕಡೆ ಗಂಟು ಹಾಕಬೇಕು. ‘ಅಲಿಯ ಆಗಮನ’ ಅಂತ ಪೇಪರ್ ಭಾಷೇಲಿ ಬರೀತೀವಲ್ಲ, ಆ ಕಟ್ಟು. ಅಲಿ ಜೊತೆ ‘ನಿನ್’ ಸೇರಿ ಅಲಿನಿನ್. ನಾನು ಆದ್ರೆ ಬೆನಿಮ್, ನೀನು ಆದ್ರೆ ಸೆನಿನ್, ಅವನು ಅವಳು ಅದು ಮೂರಕ್ಕೂ ಒನುನ್ (ತುರ್ಕಿಯಲ್ಲಿ ಲಿಂಗಭೇದ ಇಲ್ಲ, ಅದೊಂದು ನೆಮ್ಮದಿ).

ಕ್ರಿಯೆ ಕಡೆ ನನ್ನ, ನಿನ್ನ, ಅವನ ಅನ್ನೋ ಯಜಮಾನನ ಗುರುತು ಬರುತ್ತೆ, ದ್ವಿತೀಯಾ ಸೇರಿಸಿ ಹೇಳಿದ್ರೆ: ಗೆಲ್ದಿಗ಼ಿಮಿ ನಾನು ಬಂದಿದ್ದನ್ನ, ಗೆಲ್ದಿಗ಼ಿನಿ ನೀನು ಬಂದಿದ್ದನ್ನ, ಗೆಲ್ದಿಗ಼ಿನಿ ಅವನು ಬಂದಿದ್ದನ್ನ, ಗೆಲ್ದಿಗ಼ಿಮಿಜ಼ಿ ನಾವು, ಗೆಲ್ದಿಗ಼ಿನಿಜ಼ಿ ನೀವು, ಗೆಲ್ದಿಕ್ಲೆರಿನಿ ಅವರು.

ಎರಡನೇದು ಮೂರನೇದು ಒಂದೇ ಅಲ್ವಾ ಅಂತ ಕೇಳಿದ್ರೆ, ಹೌದು ಒಂದೇ. ಪ್ರಿಂಟ್ ತಪ್ಪಲ್ಲ. ನೀನು ಅನ್ನೋದ್ರಲ್ಲಿ ‘ಇನ್’ ಅಂದ್ರೆ ನಿನ್ನ, ಆಮೇಲೆ ‘ಇ’ ದ್ವಿತೀಯಾ. ಅವನು ಅನ್ನೋದ್ರಲ್ಲಿ ‘ಇ’ ಅವನ, ‘ನ್’ ಆಗಮ, ‘ಇ’ ದ್ವಿತೀಯಾ. ಒಳಗಿನ ಲೆಕ್ಕ ಬೇರೆ, ಹೊರಗೆ ಕೇಳೋ ಶಬ್ದ ಒಂದೇ. ಹಾಗಾಗಿ ಬರೀ ‘ಗೆಲ್ದಿಗ಼ಿನಿ ಬಿಲಿಯೊರುಮ್’ ಅಂದ್ರೆ ನೀನು ಬಂದಿದ್ದು ಗೊತ್ತು ಅಂತಾನೂ ಆಗುತ್ತೆ, ಅವನು ಬಂದಿದ್ದು ಗೊತ್ತು ಅಂತಾನೂ ಆಗುತ್ತೆ. ಗೊಂದಲ ಆಗೋ ಹಾಗಿದ್ರೆ ಸೆನಿನ್ ಅಥವಾ ಒನುನ್ ಸೇರಿಸಿಬಿಡಿ. ವಿಭಕ್ತಿ ಇಲ್ದೇ ಇದ್ದಾಗ ಈ ತೊಂದ್ರೆ ಇಲ್ಲ: ‘ಗೆಲ್ದಿಗ಼ಿನ್ ಬೆಲ್ಲಿ’ ನೀನು ಬಂದಿರೋದು ಸ್ಪಷ್ಟ, ‘ಗೆಲ್ದಿಗ಼ಿ ಬೆಲ್ಲಿ’ ಅವನು ಬಂದಿರೋದು ಸ್ಪಷ್ಟ.

ಷಷ್ಠಿ ಬೇಡದ ಜಾಗಾನೂ ಇದೆ. ಕರ್ತೃ ಇಂಥದ್ದೇ ಅಂತ ಗುರುತಿಲ್ಲದ, ಮೊದಲ ಸಲ ಮಾತಿಗೆ ಬರ್ತಿರೋ ವಸ್ತು ಆದ್ರೆ ಷಷ್ಠಿ ಬಿಟ್ಟೋಗುತ್ತೆ. ‘ಬುರದ ಕಜ಼ ಒಲ್ದುಗ಼ುನು ದುಯ್ದುಮ್’, ಇಲ್ಲಿ ಆ್ಯಕ್ಸಿಡೆಂಟ್ ಆಯ್ತು ಅಂತ ಕೇಳ್ಪಟ್ಟೆ. ಕಜ಼ ಅಂದ್ರೆ ಅಪಘಾತ, ಯಾವ್ದೋ ಒಂದು ಅಪಘಾತ, ಹಾಗಾಗಿ ಬರೀ ಕಜ಼.

ಹೆಜ್ಜೆ 3: ‘ಬರೋದು’ ಎಲ್ಲಿ ಒಡೆಯುತ್ತೆ ನೋಡಿ

ಹಳ್ಳ ಅಂದಿದ್ದು ಇದನ್ನ. ಇದೊಂದು ಅರ್ಥ ಆಗೋವರೆಗೂ ಮುಂದಕ್ಕೆ ಹೋಗ್ಬೇಡಿ.

ಈ ಮೂರು ವಾಕ್ಯ ನೋಡಿ. ‘ಅವನು ದಿನಾ ಬರೋದು ನಂಗೊತ್ತು.’ ‘ಅವನು ನಾಳೆ ಬರೋದು ನಂಗೊತ್ತು.’ ‘ಅವನು ಬರೋದನ್ನ ಕಾಯ್ತಿದೀನಿ.’ ನಮಗೆ ಮೂರಕ್ಕೂ ಒಂದೇ ‘ಬರೋದು’ ಸಾಕು. ತುರ್ಕಿಯಲ್ಲಿ ಮೂರಕ್ಕೆ ಮೂರು ರೂಪ:

ದಿನಾ ಬರೋದು: ಹೆರ್ ಗುನ್ ಗೆಲ್ದಿಗ಼ಿನಿ ಬಿಲಿಯೊರುಮ್.
ನಾಳೆ ಬರೋದು: ಯರಿನ್ ಗೆಲೆಜೆಗ಼ಿನಿ ಬಿಲಿಯೊರುಮ್.
ಬರೋದನ್ನ ಕಾಯೋದು: ಗೆಲ್ಮೆಸಿನಿ ಬೆಕ್ಲಿಯೊರುಮ್.

ಮೊದಲನೇದು ಆಶ್ಚರ್ಯ ಅನ್ಸಬಹುದು, ಗೆಲ್ದಿಗ಼ಿನಿ ಅಂದ್ರೆ ‘ಬಂದಿದ್ದು’ ಅಂತ ಈಗ ತಾನೇ ಹೇಳಿದ್ದಲ್ವಾ ಅಂತ. ‘ದಿಕ್’ ರೂಪಕ್ಕೆ ಭೂತಕಾಲ ಅಂತ ಹಣೆಬರಹ ಇಲ್ಲ. ಬಂದ, ಬರ್ತಿದಾನೆ, ಬರ್ತಾನೆ ಇವೆಲ್ಲಾ ಅದ್ರೊಳಗೆ. ಭವಿಷ್ಯಕ್ಕೆ ಮಾತ್ರ ಬೇರೆ, ಅದು ‘ಎಜೆಕ್’ ಅಥವಾ ‘ಅಜಕ್’. ಅದ್ರ ಕ್ ಕೂಡ ಹಾಗೇ ಮೆತ್ತಗಾಗುತ್ತೆ. ಅಂದ್ರೆ ಈ ಜಾಗದಲ್ಲಿ ತುರ್ಕಿಯವರ ಲೆಕ್ಕ ಬರೀ ಎರಡು, ಭವಿಷ್ಯ ಮತ್ತು ಭವಿಷ್ಯ ಅಲ್ಲದ್ದು. ನಮ್ಮ ಲೆಕ್ಕಾನೂ ಎರಡೇ, ಆದ್ರೆ ಭೂತ ಮತ್ತು ಭೂತ ಅಲ್ಲದ್ದು. ಗೆರೆ ಎಳೆದಿರೋ ಜಾಗ ಬೇರೆ ಆಗಿರೋದ್ರಿಂದ್ಲೇ ನಮ್ಮವರು ‘ದಿನಾ ಬರೋದು’ ಅನ್ನೋಕೂ ಗೆಲೆಜೆಗ಼ಿನಿ ಅಂದ್ಬಿಡ್ತಾರೆ, ಕೇಳಿದವ್ರು ಮುಂದೆ ಯಾವತ್ತಿಂದಲೋ ಬರೋಕೆ ಶುರು ಮಾಡ್ತಾನೆ ಅಂದ್ಕೊಳ್ತಾರೆ. ಬಂದಾಗಿದೆ ಅಂತ ಒತ್ತಿ ಹೇಳ್ಲೇಬೇಕು ಅಂದ್ರೆ ‘ಗೆಲ್ಮಿಶ್ ಒಲ್ದುಗ಼ುನು’ ಅಂತ ಉದ್ದ ಮಾಡಬಹುದು, ದಿನಬಳಕೆಗೆ ಅಷ್ಟೆಲ್ಲಾ ಬೇಡ.

ಮೂರನೇದು, ‘ಗೆಲ್ಮೆಸಿನಿ’, ಜಾತಿನೇ ಬೇರೆ. ಇಲ್ಲಿರೋ ಪ್ರತ್ಯಯ ‘ಮೆ’ ಅಥವಾ ‘ಮ’. ಇದು ಕಾಲ ಹೇಳೋದೇ ಇಲ್ಲ, ನಡೀತೋ ಇಲ್ವೋ ಅಂತಾನೂ ಹೇಳಲ್ಲ, ಕೆಲಸದ ಹೆಸರು ಮಾತ್ರ. (ಹೋಟೆಲ್‌ನಲ್ಲಿ ಪರೋಟ ಜೊತೆ ಕುರ್ಮಾ ತಿಂತೀರಲ್ಲ, ಅದ್ರ ಬೇರು ತುರ್ಕಿ ಕಡೆಯ ‘ಕವುರ್ಮ’, ಕವುರ್ ಅಂದ್ರೆ ಹುರಿ, ಮೇಲೆ ಈ ‘ಮ’. ದೊಲ್ಮ, ಸರ್ಮ ಅಂತ ಅವರ ಅಡುಗೆ ಹೆಸರುಗಳಲ್ಲೂ ಇದೇ ಮ.)

ಹಾಗಾದ್ರೆ ಯಾವಾಗ ‘ದಿಕ್/ಎಜೆಕ್’, ಯಾವಾಗ ‘ಮೆ’? ನಾನು ಇಟ್ಕೊಂಡಿರೋ ಅಳತೆ ಇದು: ಒಳಗಿನ ವಾಕ್ಯದ ಬಗ್ಗೆ ‘ನಿಜವಾ ಸುಳ್ಳಾ’ ಅಂತ ಕೇಳೋಕಾಗುತ್ತಾ? ಆಗುತ್ತೆ ಅಂದ್ರೆ ಅದು ಸುದ್ದಿ, ದಿಕ್ ಅಥವಾ ಎಜೆಕ್. ಗೊತ್ತು, ಕೇಳ್ದೆ, ನೋಡ್ದೆ, ಹೇಳ್ದ, ಅರ್ಥ ಆಯ್ತು, ನೆನಪಿದೆ, ನಂಬ್ತೀನಿ, ಇವೆಲ್ಲಾ ಸುದ್ದಿ ಕಡೆಯವು. ಆಗಲ್ಲ, ಅದು ಬೇಕು, ಬೇಡ, ಆಗ್ಲಿ, ಮಾಡು ಅನ್ನೋ ಥರದ್ದು ಅಂದ್ರೆ ‘ಮೆ’. ಬೇಕು, ಕಾಯ್ತೀನಿ, ಕೇಳ್ಕೊಂಡೆ, ಪರ್ಮಿಷನ್ ಕೊಟ್ಟ, ಅಗತ್ಯ, ಇವು ಆ ಕಡೆ. ‘ಗೆಲ್ದಿಗ಼ಿನಿ ಇಸ್ತಿಯೊರುಮ್’ ಅಂತ ಯಾವತ್ತೂ ಹೇಳಲ್ಲ. ಬೇಕು ಅಂದ್ರೆ ‘ಗೆಲ್ಮೆಸಿನಿ ಇಸ್ತಿಯೊರುಮ್’.

ಒಂದೇ ಕ್ರಿಯಾಪದ ಎರಡೂ ಕಡೆ ಆಡುತ್ತೆ, ಆಗ ಅರ್ಥವೇ ಬದಲಾಗುತ್ತೆ. ‘ಸೊಯ್ಲೆದಿ’, ಹೇಳಿದ, ತಗೊಳ್ಳಿ. ‘ಅಲಿನಿನ್ ಗೆಲ್ದಿಗ಼ಿನಿ ಸೊಯ್ಲೆದಿ’ ಅಂದ್ರೆ ಅಲಿ ಬಂದ ಅಂತ ಹೇಳಿದ. ‘ಅಲಿನಿನ್ ಗೆಲ್ಮೆಸಿನಿ ಸೊಯ್ಲೆದಿ’ ಅಂದ್ರೆ ಅಲಿ ಬರ್ಬೇಕು ಅಂತ ಹೇಳಿದ. ಇನ್ನೊಂದು, ‘ಉನುತ್ತುಮ್’, ಮರೆತೆ. ‘ಕಪಿಯಿ ಕಿಲಿತ್ಲೆದಿಗ಼ಿಮಿ ಉನುತ್ತುಮ್’: ಬಾಗಿಲಿಗೆ ಬೀಗ ಹಾಕಿದ್ದನ್ನ ಮರೆತೆ, ಅಂದ್ರೆ ಬೀಗ ಬಿದ್ದಿದೆ. ‘ಕಪಿಯಿ ಕಿಲಿತ್ಲೆಮೆಯಿ ಉನುತ್ತುಮ್’: ಬೀಗ ಹಾಕೋದನ್ನ ಮರೆತೆ, ಈಗ ವಾಪಸ್ ಓಡಿ. ಇಲ್ಲಿ ಕನ್ನಡ ನಮ್ಮ ಜೊತೆ ನಿಲ್ಲುತ್ತೆ, ಹಾಕಿದ್ದು–ಹಾಕೋದು ವ್ಯತ್ಯಾಸ ಸರಿಯಾಗಿ ಹೊಂದುತ್ತೆ.

ಆದ್ರೆ ಅದನ್ನೇ ನಂಬ್ಕೊಂಡು ‘ಬಂದಿದ್ದು ಅಂದ್ರೆ ಯಾವಾಗ್ಲೂ ದಿಕ್’ ಅಂತ ಹೊರಟ್ರೆ ಮತ್ತೆ ಎಡವಟ್ಟು. ಮನೆಗೆ ಬಂದವ್ರಿಗೆ ‘ನೀವು ಬಂದಿದ್ದು ಒಳ್ಳೇದಾಯ್ತು’ ಅಂತೀವಿ. ತುರ್ಕಿಯಲ್ಲಿ ‘ಗೆಲ್ಮೆನಿಜ಼್ ಇಯಿ ಒಲ್ದು’, ಬಂದಾಗಿದ್ರೂ ‘ಮೆ’. ಯಾಕಂದ್ರೆ ಬಂದ್ರಾ ಇಲ್ವಾ ಅನ್ನೋ ಸುದ್ದಿ ಅಲ್ಲಿ ಮುಖ್ಯ ಅಲ್ಲ, ಬಂದ ಕೆಲಸಾನ ಒಳ್ಳೇದು ಅಂತಿರೋದು.

‘ಮೆ’ ಜೊತೆ ನೀನು–ಅವನು ಗೊಂದಲ ಇಲ್ಲ ಅನ್ನೋದನ್ನೂ ಗಮನಿಸಿ: ಗೆಲ್ಮೆನಿ ನೀನು ಬರೋದನ್ನ, ಗೆಲ್ಮೆಸಿನಿ ಅವನು ಬರೋದನ್ನ.

ಹೆಜ್ಜೆ 4: ಇಬ್ರೂ ಒಬ್ರೇ ಆದ್ರೆ ‘ಮೆಕ್’

ಬೇಕು ಅನ್ನೋನೂ ಬರೋನೂ ಒಬ್ನೇ ಆದ್ರೆ ಯಜಮಾನನ ಗುರುತು ಬೇಡ, ಷಷ್ಠಿನೂ ಬೇಡ. ‘ಗೆಲ್ಮೆಕ್ ಇಸ್ತಿಯೊರುಮ್’, ನಂಗೆ ಬರೋಕೆ ಇಷ್ಟ. ದ್ವಿತೀಯಾ ಅಥವಾ ಚತುರ್ಥಿ (‘ಗೆ, ಕೆ’) ಬಂದಾಗ ಮೆಕ್ ಮೊಟಕಾಗಿ ಮೆ ಆಗುತ್ತೆ: ‘ಒಕುಮಯ ಬಶ್ಲದಿಮ್’, ಓದೋಕೆ ಶುರು ಮಾಡ್ದೆ. ಇದು ನಮ್ಮ ‘ಓದೋಕೆ’ಗೆ ಸರಿಸಮ, ಎರಡರಲ್ಲೂ ಚತುರ್ಥಿ. ‘ಯುಜ಼್ಮೆಯಿ ಬಿಲಿಯೊರುಮ್’, ಈಜೋದು ಗೊತ್ತು, ಅಂದ್ರೆ ಈಜೋಕೆ ಬರುತ್ತೆ. ಬಿಲಿಯೊರುಮ್ ಜೊತೆ ಮೆ ಬಂದ್ರೆ ಅದು ವಿದ್ಯೆ, ದಿಕ್ ಬಂದ್ರೆ ಸುದ್ದಿ.

‘ನಾನು ಹೋಗ್ಬೇಕು’ ಅನ್ನೋದು ಮಾತ್ರ ಇದಕ್ಕೆ ಸೇರಲ್ಲ. ‘ಗಿತ್ಮೆಮ್ ಲಾಜ಼ಿಮ್’, ನನ್ನ ಹೋಗೋದು ಅಗತ್ಯ, ಅಂತ ಯಜಮಾನನ ಗುರುತು ಸಮೇತ. ಗಿತ್ಮೆನ್ ಲಾಜ಼ಿಮ್ ನೀನು ಹೋಗ್ಬೇಕು, ಗಿತ್ಮೆಸಿ ಲಾಜ಼ಿಮ್ ಅವನು ಹೋಗ್ಬೇಕು. ದಿನಕ್ಕೆ ಹತ್ತು ಸಲ ಬೇಕಾಗೋ ಮಾತು, ಇದನ್ನ ಮೊದಲೇ ಬಾಯಿಗೆ ಹತ್ತಿಸ್ಕೊಳ್ಳಿ.

ಹೆಜ್ಜೆ 5: ವಿಭಕ್ತಿ ಯಾವ್ದು ಅಂತ ಕೊನೇ ಕ್ರಿಯಾಪದ ಹೇಳುತ್ತೆ

ವಾಕ್ಯ ಹೆಸರಾಗಿಬಿಟ್ಟ ಮೇಲೆ ಬೇರೆ ಹೆಸರಿಗೆ ಬರೋ ಎಲ್ಲಾ ವಿಭಕ್ತಿನೂ ಅದಕ್ಕೆ ಬರುತ್ತೆ. ತಿಳಿ, ಕೇಳು, ನೋಡು ಇವಕ್ಕೆ ದ್ವಿತೀಯಾ. ನಂಬು, ಖುಷಿಪಡು, ಆಶ್ಚರ್ಯಪಡು ಇವಕ್ಕೆ ಚತುರ್ಥಿ: ‘ಗೆಲೆಜೆಗ಼ಿನೆ ಇನನಿಯೊರುಮ್’ ಅವನು ಬರ್ತಾನೆ ಅಂತ ನಂಬಿದೀನಿ, ‘ಗೆಲ್ದಿಗ಼ಿನೆ ಸೆವಿನ್ದಿಮ್’ ಬಂದಿದ್ದಕ್ಕೆ ಖುಷಿ ಆಯ್ತು. ಹೆದರು, ಕೈಬಿಡು, ಗ್ಯಾರಂಟಿ ಇದೆ ಇವಕ್ಕೆ ಪಂಚಮಿ (‘ಇಂದ’): ‘ಗೆಲ್ದಿಗ಼ಿನ್ದೆನ್ ಎಮಿನಿಮ್’ ಬಂದಿರೋದು ಖಾತ್ರಿ, ‘ಗಿತ್ಮೆಕ್ತೆನ್ ವಜ಼್ಗೆಚ್ತಿಮ್’ ಹೋಗೋ ಯೋಚ್ನೆ ಕೈಬಿಟ್ಟೆ. ಇದ್ರಲ್ಲಿ ತರ್ಕ ಹುಡುಕ್ಬೇಡಿ. ಹೊಸ ಕ್ರಿಯಾಪದ ಬರ್ಕೊಳ್ಳುವಾಗ ಪಕ್ಕದಲ್ಲೇ ಅದ್ರ ವಿಭಕ್ತಿನೂ ಬರ್ಕೊಳ್ಳಿ, ಅಷ್ಟೇ.

ಹೆಜ್ಜೆ 6: ಕ್ರಿಯಾಪದ ಇಲ್ಲದ ವಾಕ್ಯ, ಪ್ರಶ್ನೆ ವಾಕ್ಯ

‘ಅಲಿ ಯೊರ್ಗುನ್’, ಅಲಿ ಸುಸ್ತಾಗಿದಾನೆ. ಇಲ್ಲಿ ಕ್ರಿಯಾಪದಾನೇ ಇಲ್ಲ, ದಿಕ್ ಎಲ್ಲಿಗೆ ಅಂಟಿಸೋದು? ‘ಒಲ್’ ತಂದು ಹಾಕಿ: ಅಲಿನಿನ್ ಯೊರ್ಗುನ್ ಒಲ್ದುಗ಼ುನು. ‘ವರ್’ (ಇದೆ) ಕೂಡ ಒಲ್ದುಗ಼ುನು ಆಗುತ್ತೆ, ‘ಯೊಕ್’ (ಇಲ್ಲ) ಅನ್ನೋದು ಒಲ್ಮದಿಗ಼ಿನಿ ಆಗುತ್ತೆ.

ಎಲ್ಲಿ, ಯಾರು, ಯಾವಾಗ ಅನ್ನೋ ಪ್ರಶ್ನೆಪದ ಇದ್ರೆ ಅದನ್ನ ಅಲ್ಲೇ ಬಿಟ್ಟು ಉಳಿದಿದ್ದೆಲ್ಲಾ ಹಳೇ ಥರಾನೇ. ಊರೂರು ಸುತ್ತೋವಾಗ ಬೇಕಾಗೋ ವಾಕ್ಯ: ‘ತುವಾಲೆತಿನ್ ನೆರೆದೆ ಒಲ್ದುಗ಼ುನು ಬಿಲಿಯೊರ್ ಮುಸುನುಜ಼್?’ ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಾ ನಿಮಗೆ. ಬಂದ್ನೋ ಇಲ್ವೋ ಅನ್ನೋದಕ್ಕೆ ಧಾತುನ ಎರಡು ಸಲ ಹೇಳ್ತಾರೆ: ‘ಗೆಲಿಪ್ ಗೆಲ್ಮೆದಿಗ಼ಿನಿ ಬಿಲ್ಮಿಯೊರುಮ್’, ಬಂದ್ನೋ ಇಲ್ವೋ ಗೊತ್ತಿಲ್ಲ. ಮಾತಲ್ಲಿ ‘ಗೆಲ್ದಿ ಮಿ ಬಿಲ್ಮಿಯೊರುಮ್’ ಅಂತಾನೂ ಅಂತಾರೆ, ‘ಬಂದ್ನಾ ಗೊತ್ತಿಲ್ಲ’ ಅಂದಂಗೆ.

ಹೆಜ್ಜೆ 7: ‘ಅಂತ’ಕ್ಕೆ ಅಷ್ಟು ಆತುರ ಬೇಡ

ನಾವು ಕನ್ನಡದಲ್ಲಿ ಎಲ್ಲಾದಕ್ಕೂ ‘ಅಂತ’ ಹಾಕ್ತೀವಿ. ತುರ್ಕಿಯಲ್ಲಿ ‘ದಿಯೆ’ ಅಂತ ಒಂದಿದೆ, ನಮ್ಮ ಅಂತ ಥರಾನೇ ‘ಅನ್ನು’ ಅನ್ನೋ ಅರ್ಥದ ಧಾತುವಿಂದ ಹುಟ್ಟಿದ್ದು. ಇದು ಗೊತ್ತಾದ ಕೂಡ್ಲೇ ನಮ್ಮವ್ರಿಗೆ ಹಬ್ಬ, ದಿಕ್ಕೂ ಬೇಡ ಮೆನೂ ಬೇಡ ಅಂತ ಎಲ್ಲಾ ಕಡೆ ದಿಯೆ ತುರುಕ್ತಾರೆ. ಅದು ನಡೆಯೋದು ಕೆಲವೇ ಕಡೆ: ‘ಗೆಲ್ಮೆಮ್ ದಿಯೆ ಬಗ಼ಿರ್ದಿ’, ಬರಲ್ಲ ಅಂತ ಕೂಗಾಡಿದ. ‘ಅಂದ’ ಅನ್ನೋ ದೆದಿ ಜೊತೆ ಮಾತ್ರ ದಿಯೆ ಹಾಕ್ಲೇಬಾರ್ದು. ನಾವು ‘ಬರ್ತೀನಿ ಅಂತ ಅಂದ’ ಅಂತೀವಿ, ಅವರು ‘ಗೆಲಿಯೊರುಮ್ ದೆದಿ’ ಅಷ್ಟೆ. ಅಂದ್ಕೊಂಡೆ ಅನ್ನೋ ‘ಸನ್ದಿಮ್’ ಜೊತೇಲೂ ಏನೂ ಇಲ್ದೇ ನಡೆಯುತ್ತೆ: ‘ಅಲಿ ಗಿತ್ತಿ ಸನ್ದಿಮ್’, ಅಲಿ ಹೋದ ಅಂದ್ಕೊಂಡೆ.

‘ಕಿ’ ಅಂತಾನೂ ಒಂದು ಸಿಗುತ್ತೆ, ಪರ್ಶಿಯನ್‌ನಿಂದ ಬಂದಿದ್ದು, ಹಿಂದಿಯಲ್ಲಿ ಕೇಳೋ ‘ಕಿ’ ಇದ್ರ ಸಂಬಂಧಿ. ‘ಬಿಲಿಯೊರುಮ್ ಕಿ ಗೆಲ್ದಿ’. ಕೇಳಿದ್ರೆ ಅರ್ಥ ಆದ್ರೆ ಸಾಕು, ನೀವಾಗಿ ಬಳಸೋಕೆ ಹೋಗ್ಬೇಡಿ. ಹುಟ್ಟುಹಬ್ಬಕ್ಕೆ ಹಾಡೋ ‘ಇಯಿ ಕಿ ದೊಗ಼್ದುನ್’, ಸದ್ಯ ನೀನು ಹುಟ್ಟಿದ್ಯಲ್ಲ, ಅನ್ನೋದ್ರಲ್ಲಿ ಮಾತ್ರ ಧಾರಾಳವಾಗಿ ಹಾಡಿ.

ಇನ್ನೊಂದು ಎಚ್ಚರ. ನಾವು ‘ಅಲಿ, ತಾನು ಬರ್ತೀನಿ ಅಂತ ಹೇಳ್ದ’ ಅಂತ ಒಳಗೆ ‘ತೀನಿ’ ಉಳಿಸ್ಕೊಳ್ತೀವಿ. ತುರ್ಕಿಯಲ್ಲಿ ‘ಅಲಿ ಗೆಲೆಜೆಗ಼ಿನಿ ಸೊಯ್ಲೆದಿ’, ಒಳಗೂ ‘ಅವನ’. ಕರ್ತೃ ಹೇಳ್ದೇ ಬಿಟ್ರೆ ಸಾಮಾನ್ಯವಾಗಿ ಅಲಿ ತಾನೇ ಬರ್ತಾನೆ ಅಂತ ಅರ್ಥ, ‘ಒನುನ್’ ಸೇರಿಸಿದ್ರೆ ಬೇರೆ ಯಾರೋ.

ಒಂದು ವಾಕ್ಯ ಬಿಚ್ಚಿ ನೋಡೋಣ

ದೊಕ್ತೊರ್ ಇಲಜಿ ಅಚ್ ಕರ್ನಿನ ಅಲ್ಮಮಮಿ ಸೊಯ್ಲೆದಿ.

ಆ ‘ಅಲ್ಮಮಮಿ’ ನೋಡಿ ಮಗು ತೊದಲಿದಂಗಿದೆ ಅನ್ಸುತ್ತೆ. ಹಿಂದಿನಿಂದ ಬನ್ನಿ. ಸೊಯ್ಲೆದಿ, ಹೇಳಿದ್ರು, ಇದಕ್ಕೆ ದ್ವಿತೀಯಾ ಬೇಕು, ಕೊನೇ ‘ಇ’ ಅದೇ. ಅದ್ರ ಮುಂಚೆ ‘ಮ್’, ನನ್ನ. ಅದ್ರ ಮುಂಚೆ ‘ಮ’, ಕೆಲಸದ ಹೆಸರು. ಅದಕ್ಕೂ ಮುಂಚೆ ಇನ್ನೊಂದು ‘ಮ’, ಇದು ಬೇರೆ, ನಿಷೇಧದ್ದು. ‘ಅಲ್’ ತಗೋ. ಅಲ್-ಮ-ಮ-ಮ್-ಇ: ನಾನು ತಗೊಳ್ದೇ ಇರೋದನ್ನ. ಇಲಚ್ ಅಂದ್ರೆ ಔಷಧಿ, ಅಚ್ ಕರ್ನಿನ ಅಂದ್ರೆ ಖಾಲಿ ಹೊಟ್ಟೇಲಿ. ಒಟ್ಟು: ಔಷಧಿ ಖಾಲಿ ಹೊಟ್ಟೇಲಿ ತಗೋಬಾರ್ದು ಅಂತ ಡಾಕ್ಟರ್ ನಂಗೆ ಹೇಳಿದ್ರು. ‘ಬೆನಿಮ್’ ಎಲ್ಲೂ ಇಲ್ಲ, ಆ ಒಂದು ‘ಮ್’ ಸಾಕು. ಇದೇ ಜಾಗದಲ್ಲಿ ‘ಅಲ್ಮದಿಗ಼ಿಮಿ’ ಅಂದಿದ್ರೆ ನಾನು ತಗೊಂಡಿಲ್ಲ ಅಂತ ಡಾಕ್ಟರ್ ಹೇಳಿದ್ರು ಅಂತಾಗ್ತಿತ್ತು, ಸಲಹೆ ಹೋಗಿ ದೂರು ಆಗ್ತಿತ್ತು.

ಉದ್ದ ವಾಕ್ಯ ಎದುರಾದಾಗೆಲ್ಲಾ ಹೀಗೇ ಬಲದಿಂದ ಎಡಕ್ಕೆ ಓದಿ: ಕೊನೇ ಕ್ರಿಯಾಪದ, ಅದಕ್ಕೆ ಬೇಕಾದ ವಿಭಕ್ತಿ ಹೊತ್ತಿರೋ ಪದ, ಅದ್ರೊಳಗಿನ ಯಜಮಾನ, ಆಮೇಲೆ ಎಡಗಡೆ ಎಲ್ಲೋ ದೂರದಲ್ಲಿ ‘ನಿನ್’ ಹೊತ್ತು ಕೂತಿರೋ ಕರ್ತೃ. ದಿಕ್ ಆದ್ಮೇಲೆ ವಿಭಕ್ತಿ ಇಲ್ದೇ ನೇರ ಒಂದು ನಾಮಪದ ಬಂದ್ರೆ ಅದು ಬೇರೆ ಕಥೆ: ‘ಒಕುದುಗ಼ುಮ್ ಕಿತಪ್’ ನಾನು ಓದಿದ ಪುಸ್ತಕ. ‘ಇಚಿನ್’ ಬಂದ್ರೂ ಬೇರೆ: ‘ಗೆಲ್ದಿಗ಼ಿ ಇಚಿನ್’ ಬಂದಿದ್ರಿಂದ, ‘ಗೆಲ್ಮೆಸಿ ಇಚಿನ್’ ಬರ್ಲಿ ಅಂತ. ಅಲ್ಲೂ ಸುದ್ದಿಗೆ ದಿಕ್, ಆಸೆಗೆ ಮೆ.

ಕೈ ಪಳಗಿಸೋಕೆ ಮೂರು. ಉತ್ತರ ಮುಚ್ಕೊಂಡು ಮಾಡಿ.

ನೀನು ಹೋಗೋದು ನಂಗಿಷ್ಟ ಇಲ್ಲ (ಬೇಡ ಅನ್ನೋ ಅರ್ಥದಲ್ಲಿ): ಗಿತ್ಮೆನಿ ಇಸ್ತೆಮಿಯೊರುಮ್.
ಅವಳು ನಾಳೆ ಬರಲ್ಲ ಅಂತ ಕೇಳ್ಪಟ್ಟೆ: ಯರಿನ್ ಗೆಲ್ಮೆಯೆಜೆಗ಼ಿನಿ ದುಯ್ದುಮ್.
ಅಲಿ ಎಲ್ಲಿಗೆ ಹೋದ ಅಂತ ಗೊತ್ತಾ ನಿಂಗೆ: ಅಲಿನಿನ್ ನೆರೆಯೆ ಗಿತ್ತಿಗ಼ಿನಿ ಬಿಲಿಯೊರ್ ಮುಸುನ್?

ಮೂರನೇದ್ರಲ್ಲಿ ಕೊನೇ ‘ಬಿಲಿಯೊರ್ ಮುಸುನ್’ ತೆಗೆದು ‘ಸನಿಯೊರ್ಸುನ್’ ಹಾಕಿ ನೋಡಿ, ಅಲಿ ಎಲ್ಲಿಗೆ ಹೋದ ಅಂದ್ಕೊಂಡಿದೀಯಾ ಅಂತಾಗುತ್ತೆ. ಆಗ ಹೌದು ಇಲ್ಲ ಅಂದ್ರೆ ಸಾಲದು, ಊರಿನ ಹೆಸರೇ ಹೇಳ್ಬೇಕು.